ಕ್ಯಾಂಪು ಎಂಬ ಊರು

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ಕಿವಿಗೊಡಿ, ಮಕ್ಕಳೇ. ಮಸ್ಕಿ, ಲಿಂಗಸುಗೂರು, ಮಾನ್ವಿ, ಗಂಗಾವತಿ ಎಂಬ ಹೆಸರುಗಳು ಮೊದಲು ಕೇಳಿಸುತ್ತವೆ. ಅವುಗಳ ನಡುವೆ ಇನ್ನೊಂದು ಬಗೆಯ ಹೆಸರುಗಳೂ ಬರುತ್ತವೆ. ಗಾಂಧಿನಗರ, ಶ್ರೀಪುರಂ ಜಂಕ್ಷನ್, ಗೊರೇಬಾಳ ಕ್ಯಾಂಪು, ಆರ್.ಎಚ್. ಎರಡು, ಆರ್.ಎಚ್. ಮೂರು, ಆರ್.ಎಚ್. ನಾಲ್ಕು... ಇದೇನು, ಊರಿಗೂ ರೋಲ್ ನಂಬರ್ ಕೊಟ್ಟಿದ್ದಾರಾ ಎಂದು ನಿಮಗೆ ನಗು ಬರಬಹುದು.

ನಮಗೆ ಗೊತ್ತಿರುವ ಕ್ಯಾಂಪು ಬೇರೆ. ಕಣ್ಣು ತಪಾಸಣೆಯ ಕ್ಯಾಂಪು ಸಂಜೆಗೆ ಮುಗಿಯುತ್ತದೆ. ಸ್ಕೌಟ್ಸ್ ಕ್ಯಾಂಪು ವಾರದಲ್ಲಿ ಮುಗಿದು, ಡೇರೆ ಕಿತ್ತು, ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ಸಿಂಧನೂರಿನ ಕ್ಯಾಂಪುಗಳು ಹತ್ತಾರು ವರ್ಷಗಳಿಂದ ಅಲ್ಲೇ ಇವೆ. ಅಲ್ಲಿ ಸಿಮೆಂಟಿನ ಮನೆಗಳಿವೆ, ಗುಡಿಗಳಿವೆ, ಶಾಲೆಗಳಿವೆ, ಮೊಮ್ಮಕ್ಕಳನ್ನು ಆಡಿಸುವ ಅಜ್ಜಿಯರಿದ್ದಾರೆ. ಡೇರೆಯೊಂದೂ ಇಲ್ಲ. ಹೆಸರು ಮಾತ್ರ ಕ್ಯಾಂಪು ಎಂದೇ ಉಳಿದಿದೆ.

ಈ ಹೆಸರಿನ ಹಿಂದೆ ಒಂದು ನದಿ, ಒಂದು ಅಣೆಕಟ್ಟು, ಮತ್ತು ದೂರದಿಂದ ಗಂಟುಮೂಟೆ ಹೊತ್ತು ಬಂದ ಸಾವಿರಾರು ಜನರ ಕಥೆ ಇದೆ.

ಅತಿ ಹಳೆಯ ಊರು, ಅತಿ ಹೊಸ ಊರು

ನಮ್ಮ ಊರುಗಳಿಗೆ ಸಾಮಾನ್ಯವಾಗಿ ಹುಟ್ಟಿದ ದಿನ ಗೊತ್ತಿರುವುದಿಲ್ಲ. "ನಮ್ಮ ಊರು ಯಾವಾಗ ಆಯ್ತು?" ಎಂದು ಅಜ್ಜನನ್ನು ಕೇಳಿದರೆ, "ನಮ್ಮಜ್ಜನ ಅಜ್ಜನ ಕಾಲದಿಂದಲೂ ಐತಿ" ಎಂಬ ಉತ್ತರ ಬರುತ್ತದೆ. ರಾಯಚೂರು ಜಿಲ್ಲೆಯಲ್ಲಂತೂ ಅದು ಬರೀ ಮಾತಲ್ಲ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಹತ್ತಿರ ಪಿಕ್ಲಿಹಾಳ ಎಂಬ ಊರಿದೆ. ಅಲ್ಲಿನ ಬಂಡೆಗಳ ಮೇಲೆ ಹೋರಿಗಳ ಚಿತ್ರಗಳಿವೆ. ಕಬ್ಬಿಣ ಕಾಣದ ಕಾಲದಲ್ಲಿ, ಕಲ್ಲಿನ ಕೊಡಲಿ ಹಿಡಿದು ದನ ಸಾಕುತ್ತಿದ್ದ ಜನ ಅಲ್ಲಿ ನೆಲೆಸಿದ್ದರು. ಇನ್ನು ಮಸ್ಕಿಯ ಗುಡ್ಡದಲ್ಲಿ ಅಶೋಕ ಚಕ್ರವರ್ತಿಯ ಬಂಡೆಗಲ್ಲು ಶಾಸನವಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ" ಎಂಬ ಬಿರುದು ಮಾತ್ರ ಇತ್ತು. ಆ ಬಿರುದು ಅಶೋಕನದೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸಿಗುತ್ತದೆ, ಈ ಮಾತನ್ನು ಇಬ್ಬರಿಗೂ ತಿಳಿಸಿರಿ ಎಂಬುದು ಆ ಶಾಸನದ ಸಾರ. ಸುಮಾರು 2250 ವರ್ಷಗಳ ಹಿಂದಿನ ಮಾತು ಅದು!

ಇಷ್ಟು ಹಳೆಯ ಊರುಗಳ ಪಕ್ಕದಲ್ಲೇ, ಈಗ ಬದುಕಿರುವ ಅಜ್ಜ ಅಜ್ಜಿಯರ ಕಣ್ಣೆದುರಿಗೇ ಹುಟ್ಟಿದ ಊರುಗಳೂ ಇವೆ. ಅವೇ ಕ್ಯಾಂಪುಗಳು. ಹಳೆಯ ಊರಿನ ಕಥೆಗೆ ಬಂಡೆಯನ್ನು ಓದಬೇಕು. ಹೊಸ ಊರಿನ ಕಥೆಗೆ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿದರೆ ಸಾಕು.

ಎರಡು ನದಿಗಳ ನಡುವೆ ಬಾಯಾರಿದ ನೆಲ

ಭೂಪಟ ತೆಗೆದು ನೋಡಿ. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ. ನಡುವಿನ ಈ ನೆಲಕ್ಕೆ ರಾಯಚೂರು ದೋಆಬ್ ಎನ್ನುತ್ತಾರೆ. ವಿಜಯನಗರದವರೂ ಬಹಮನಿ, ಬಿಜಾಪುರದ ಸುಲ್ತಾನರೂ ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ನಿಮ್ಮ ಪಾಠದಲ್ಲೂ ಬಂದಿರಬಹುದು.

ರಾಜರು ಕಾದಾಡಿದ ನೆಲವಾದರೂ ರೈತನ ಪಾಲಿಗೆ ಅದು ಮಳೆಯನ್ನೇ ನಂಬಿದ ಸೀಮೆ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈಕೊಡುತ್ತಿತ್ತು. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ಹತ್ತಿ, ಕುಸುಬೆ; ಮಸಾರಿ ಹೊಲದಲ್ಲಿ ಸಜ್ಜೆ, ನವಣೆ, ಶೇಂಗಾ. ಬೆಳೆದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬರಗಾಲಕ್ಕೆಂದು ಕಾಯ್ದಿಡುತ್ತಿದ್ದರು. ಅನ್ನ ಎಂಬುದು ಹಬ್ಬಕ್ಕೆ, ಬೀಗರು ಬಂದಾಗ ಮಾತ್ರ. ದಿನಾ ರೊಟ್ಟಿ, ಪುಂಡಿಪಲ್ಯ, ಖಾರ.

ನೀರು ಬಂತು, ನಂಬಿಕೆ ಬರಲಿಲ್ಲ

1945ರ ಫೆಬ್ರವರಿಯಲ್ಲಿ ಹೊಸಪೇಟೆಯ ಹತ್ತಿರ ತುಂಗಭದ್ರೆಗೆ ಅಣೆಕಟ್ಟೆಯ ಅಡಿಗಲ್ಲು ಬಿತ್ತು. ಆಗ ನದಿಯ ಒಂದು ದಂಡೆ ಮದ್ರಾಸ್ ಪ್ರಾಂತದ್ದು, ಇನ್ನೊಂದು ದಂಡೆ ಹೈದರಾಬಾದ್ ನಿಜಾಮರದ್ದು. ಎರಡೂ ಸರಕಾರಗಳು ಸೇರಿ ಕೆಲಸ ಶುರು ಮಾಡಿದವು. ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು, ಕೆಲಸ ನಿಲ್ಲಲಿಲ್ಲ. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು.

ಈ ನೀರಿಗೂ ಒಂದು ಬೆಲೆ ಇತ್ತು. ಜಲಾಶಯ ತುಂಬಿದಾಗ ನಾರಾಯಣದೇವರಕೆರೆಯಂಥ ಎಷ್ಟೋ ಊರುಗಳು ಮುಳುಗಿದವು. ಅಲ್ಲಿಯ ಜನ ಮನೆ, ಗುಡಿ, ಹೊಲ ಬಿಟ್ಟು ಎದ್ದರು. ಒಂದು ಕಡೆ ಊರುಗಳು ಮುಳುಗಿದ್ದರಿಂದಲೇ ಇನ್ನೊಂದು ಕಡೆ ಊರುಗಳು ಹುಟ್ಟಿದವು ಎಂಬುದನ್ನು ನಾವು ಮರೆಯಬಾರದು.

ಎಡದಂಡೆಯ ಮುಖ್ಯ ಕಾಲುವೆ ಕೊಪ್ಪಳ, ಗಂಗಾವತಿ ಸೀಮೆ ದಾಟಿ, ಸಿಂಧನೂರು, ಮಾನ್ವಿ ಕಡೆ ಹರಿಯುತ್ತದೆ. ಉದ್ದ 227 ಕಿಲೋಮೀಟರ್. ಒಂದೇ ಕಾಲುವೆಯ ದಂಡೆ ಹಿಡಿದು ದಿನಕ್ಕೆ 25 ಕಿಲೋಮೀಟರ್ ನಡೆದರೂ ಮುಗಿಸಲು ಒಂಬತ್ತು ದಿನ ದಾಟುತ್ತದೆ!

ಆದರೆ ಮನೆಬಾಗಿಲಿಗೆ ನೀರು ಬಂದರೂ ಸ್ಥಳೀಯ ರೈತರಲ್ಲಿ ಅನೇಕರು ಹಿಂದೆ ಮುಂದೆ ನೋಡಿದರು. ಅವರು ದಡ್ಡರಾಗಿದ್ದರು ಅಂತಲ್ಲ. ಎರೆಮಣ್ಣು ನೀರು ಕುಡಿದರೆ ಅಂಟಾಗಿ ಕಾಲು ಕೀಳಲೂ ಬಿಡುವುದಿಲ್ಲ, ಒಣಗಿದರೆ ಬಾಯಿ ಬಿಡುತ್ತದೆ. ಅದಕ್ಕೆ ನೀರು ನಿಲ್ಲಿಸಿದರೆ ಹೊಲ ಕೆಡುತ್ತದೆ ಎಂಬುದು ಅವರ ಹಿರಿಯರ ಅನುಭವ. ಮೇಲಾಗಿ, ನೀರಾವರಿಗೆ ಹೊಲವನ್ನು ಮಟ್ಟ ಮಾಡಬೇಕು, ಬದು ಹಾಕಬೇಕು, ಹಿಕ್ಕಲುಗಾಲುವೆ ತೋಡಬೇಕು. ಅದಕ್ಕೆಲ್ಲ ರೊಕ್ಕ ಬೇಕು. ಭತ್ತದ ಬೇಸಾಯದ ರೂಢಿಯೂ ಇರಲಿಲ್ಲ.

ಗೋದಾವರಿ ಕಡೆಯಿಂದ ಬಂದವರು

ಆಗ ಬಂದವರು ಕರಾವಳಿ ಆಂಧ್ರದ ರೈತರು. ಗೋದಾವರಿ, ಕೃಷ್ಣಾ, ಗುಂಟೂರು ಕಡೆಯವರು. ಕಾಲುವೆ ನೀರು, ಕೆಸರುಗದ್ದೆ ಅವರಿಗೆ ತಲೆಮಾರುಗಳ ಪರಿಚಯ. ಅಲ್ಲಿ ಭೂಮಿಯ ಬೆಲೆ ಬಹಳ ಹೆಚ್ಚು. ಅಲ್ಲಿಯ ಚಿಕ್ಕ ತುಂಡು ಹೊಲ ಮಾರಿದರೆ ಇಲ್ಲಿ ಅದರ ಎಷ್ಟೋ ಪಟ್ಟು ಒಣಭೂಮಿ ಸಿಗುತ್ತಿತ್ತು.

ಅವರು ಹಳೆಯ ಊರಿನೊಳಗೆ ಮನೆ ಮಾಡಲಿಲ್ಲ. ಹೊಲಗಳ ನಡುವೆಯೇ ಗುಡಿಸಲು ಹಾಕಿಕೊಂಡರು. ಕಾಲುವೆ ತೋಡುವ ಕೆಲಸಗಾರರು ಬೀಡುಬಿಟ್ಟ ಜಾಗಕ್ಕೆ ಜನ ಅದಾಗಲೇ ಕ್ಯಾಂಪು ಎನ್ನುತ್ತಿದ್ದರು. ಈ ಗುಡಿಸಲುಗಳಿಗೂ ಅದೇ ಹೆಸರು ಅಂಟಿಕೊಂಡಿತು. ಹಾವು ಚೇಳುಗಳ ನಡುವೆ, ದೀಪವಿಲ್ಲದ ರಾತ್ರಿಗಳಲ್ಲಿ, ಜಾಲಿಮುಳ್ಳು ಕಡಿದು ಅವರು ಹೊಲ ಮಾಡಿದರು. ಹೆಂಗಸರು, ಮಕ್ಕಳು ಎಲ್ಲರೂ ದುಡಿದರು. ಕೆಲವು ವರ್ಷಗಳಲ್ಲಿ ಬೂದುಬಣ್ಣದ ಸೀಮೆ ಹಸಿರಾಯಿತು. ಈಗ ಸಿಂಧನೂರು, ಗಂಗಾವತಿಯ ಸೋನಾ ಮಸೂರಿ ಅಕ್ಕಿ ನಾಡಿನ ಎಷ್ಟೋ ಮನೆಗಳ ಒಲೆಯ ಮೇಲೆ ಬೇಯುತ್ತದೆ. ನೀವು ಈ ಮಧ್ಯಾಹ್ನ ಉಂಡ ಅನ್ನವೂ ಅಲ್ಲಿಯದೇ ಇರಬಹುದು.

ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಸಾಲಕ್ಕೆ, ಮಗಳ ಮದುವೆಗೆ, ಬರಗಾಲದ ಹೊಟ್ಟೆಗೆ ಎಂದು ಅಗ್ಗದಲ್ಲಿ ಹೊಲ ಮಾರಿದ ಸ್ಥಳೀಯರು ಅನೇಕರು. ಅದೇ ಹೊಲದಲ್ಲಿ ಹಸಿರು ತೆನೆ ತೂಗಿದಾಗ ಅವರಲ್ಲಿ ಕೆಲವರು ಕೂಲಿಗೆ ಹೋಗಿ ನಾಟಿ ಹಚ್ಚಿದರು. ಅವರ ನಿಟ್ಟುಸಿರೂ ಈ ಊರುಗಳ ಚರಿತ್ರೆಯೇ. ಮುಂದೆ ಸ್ಥಳೀಯ ರೈತರೂ ಭತ್ತದ ಬೇಸಾಯ ಕಲಿತರು, ಟ್ರ್ಯಾಕ್ಟರ್ ಕೊಂಡರು. ಬಂದವರೂ ಜೋಳದ ರೊಟ್ಟಿ ಬಡಿಯಲು ಕಲಿತರು.

ಗಡಿ ದಾಟಿ ಬಂದವರು

ಈಗ ಆ ನಂಬರಿನ ಊರುಗಳಿಗೆ ಬರೋಣ. ಆರ್.ಎಚ್. ಎಂಬುದು ಪುನರ್ವಸತಿ ಎಂಬ ಅರ್ಥದ ಇಂಗ್ಲಿಷ್ ಪದದ ಗುರುತು. ಆಂಧ್ರದ ರೈತರು ಹೊಲ ಹುಡುಕಿಕೊಂಡು ಬಂದರು. ಆದರೆ ಈ ಕ್ಯಾಂಪುಗಳ ಹಿರಿಯರು ಇದ್ದುದನ್ನು ಕಳೆದುಕೊಂಡು ಬಂದರು.

1947ರಲ್ಲಿ ದೇಶ ಎರಡಾದಾಗ ಬಂಗಾಳವೂ ಎರಡಾಯಿತು. ಪೂರ್ವ ಬಂಗಾಳ ಪಾಕಿಸ್ತಾನದ ಪಾಲಾಯಿತು. ಗಲಭೆಗಳಿಗೆ ಅಂಜಿ, ಆಮೇಲೆ 1971ರ ಯುದ್ಧದ ಕಾಲದಲ್ಲಿ, ಲಕ್ಷಾಂತರ ಜನ ಗಡಿ ದಾಟಿ ಭಾರತಕ್ಕೆ ಬಂದರು. ಅವರಲ್ಲಿ ಅನೇಕರು ಮಧ್ಯಭಾರತದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದರು. ಕೆಲವು ಕುಟುಂಬಗಳಿಗೆ ಸರಕಾರ ಸಿಂಧನೂರು ತಾಲ್ಲೂಕಿನಲ್ಲಿ ಮನೆಗೆ ಜಾಗ, ಸಾಗುವಳಿಗೆ ಹೊಲ ಕೊಟ್ಟಿತು. ಬರ್ಮಾದಲ್ಲಿ 1962ರಲ್ಲಿ ಸೇನೆಯ ಆಡಳಿತ ಬಂದ ಮೇಲೆ ಅಂಗಡಿ, ವ್ಯಾಪಾರ ಕಳೆದುಕೊಂಡ ಭಾರತೀಯ ಮೂಲದವರು ಹಡಗು ಹತ್ತಿ ವಾಪಸಾದರು. ಅವರಲ್ಲೂ ಕೆಲವರಿಗೆ ಸಿಂಧನೂರೇ ನೆಲೆಯಾಯಿತು.

ಒಮ್ಮೆ ಯೋಚಿಸಿ. ನದಿ, ದೋಣಿ, ಮೀನು, ತೆಂಗು ಎಂದು ಬೆಳೆದವರು. ಬಂದಿಳಿದದ್ದು ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆಗೆ. ಭಾಷೆ ಗೊತ್ತಿಲ್ಲ. "ನೀರು" ಎಂದು ಕೇಳಲೂ ಬಾರದು. ಸಂತೆಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳಬೇಕು. ಆದರೂ ಹೊಂಡ ತೋಡಿ ಮೀನು ಬಿಟ್ಟರು, ಗದ್ದೆ ಮಾಡಿದರು. ದಸರೆ ಬಂತೆಂದರೆ ಕ್ಯಾಂಪುಗಳಲ್ಲಿ ದುರ್ಗಾಪೂಜೆಯ ಸಡಗರ. ಅವರ ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಗೆಳೆಯರ ಜೊತೆ ನಮ್ಮ ರಾಯಚೂರು ಸೀಮೆಯ ಮಾತು ಆಡುತ್ತಾರೆ.

ಅವರ ಕಷ್ಟ ಪೂರ್ತಿ ಮುಗಿದಿಲ್ಲ. ಇಲ್ಲೇ ಮುದುಕರಾದರೂ ಅನೇಕರ ಕೈಗೆ ಪೌರತ್ವದ ಕಾಗದ ಸಿಕ್ಕಿರಲಿಲ್ಲ. 2024ರಲ್ಲಿ ಅವರಲ್ಲಿ ಬೆರಳೆಣಿಕೆಯ ಕೆಲವರಿಗೆ ಅದು ಸಿಕ್ಕಿತು. ಊರು ಕಟ್ಟುವುದು ಒಂದು ಕೆಲಸವಾದರೆ, ಊರಿನವರು ಅನ್ನಿಸಿಕೊಳ್ಳುವುದು ಇನ್ನೊಂದು.

ಒಂದೇ ಸೊಪ್ಪು, ನಾಲ್ಕು ಹೆಸರು

ಇಷ್ಟು ಬೇರೆ ಬೇರೆ ಜನರನ್ನು ಕೂಡಿಸುವ ಒಂದು ಗಿಡ ಇದೆ ಗೊತ್ತೇ? ನಮ್ಮ ಪುಂಡಿ!

ರಾಯಚೂರಿನವರಿಗೆ ಪುಂಡಿಪಲ್ಯ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಆಂಧ್ರದವರು ಅದನ್ನೇ ಗೋಂಗೂರ ಎಂದು ಕರೆದು ಚಟ್ನಿ, ಉಪ್ಪಿನಕಾಯಿ ಮಾಡುತ್ತಾರೆ. ಬರ್ಮಾದವರಿಗೂ ಈ ಹುಳಿಸೊಪ್ಪೆಂದರೆ ಪ್ರಾಣ. ಅವರ ಭಾಷೆಯಲ್ಲಿ ಅದು ಚಿನ್‌ಬಾಂಗ್. ಬಂಗಾಳದಲ್ಲಿ ಈ ಜಾತಿಯ ಗಿಡವನ್ನು ಮೆಸ್ತಾ ಎಂದು ಕರೆದು, ಸೆಣಬಿನ ಹಾಗೆ ನಾರಿಗಾಗಿ ಬೆಳೆಯುತ್ತಾರೆ. ನಮ್ಮ ಹಿರಿಯರೂ ಪುಂಡಿನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಭಾಷೆ ಬಾರದ ಇಬ್ಬರು ಅಜ್ಜಿಯರು ಸಂತೆಯಲ್ಲಿ ಒಂದೇ ಸೊಪ್ಪಿನ ಸಿವುಡಿಗೆ ಕೈ ಹಾಕಿದರೆ, ಪರಿಚಯಕ್ಕೆ ಅಷ್ಟು ಸಾಲದೇ?

ದೂರದ ದೇಶದಲ್ಲೂ ಇದೇ ಕಥೆ

ಊರು ಬಿಟ್ಟು ಹೋಗಿ ಊರು ಕಟ್ಟಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. 1850ರಲ್ಲಿ ಜರ್ಮನಿಯ ಹೆರ್ಮಾನ್ ಬ್ಲೂಮೆನಾವ್ ಎಂಬ ಔಷಧಿ ಪಂಡಿತರು ಬ್ರೆಜಿಲ್ ದೇಶದ ಒಂದು ನದಿಯ ದಂಡೆಯಲ್ಲಿ ಊರು ಕಟ್ಟಲು ಹೊರಟರು. ಮೊದಲ ತಂಡದಲ್ಲಿ ಬಂದಿಳಿದವರು ಬರೀ 17 ಜನ. ಸುತ್ತ ಕಾಡು. ಕೈಯಲ್ಲಿ ಕೊಡಲಿ. ಆ ಕಾಡಿನಲ್ಲಿ ಮೊದಲಿನಿಂದ ಬದುಕಿದ್ದ ಜನರಿಗೆ ಈ ಹೊಸಬರು ಬಂದದ್ದರಿಂದ ನೆಲೆ ತಪ್ಪಿತು. ಹೊಸಬರ ಊರನ್ನು ನದಿಯ ಪ್ರವಾಹ ಮತ್ತೆ ಮತ್ತೆ ಕಾಡಿತು. ಈಗ ಬ್ಲೂಮೆನಾವ್ ದೊಡ್ಡ ನಗರ. ಅಲ್ಲಿಯ ಮಕ್ಕಳು ಶಾಲೆಯಲ್ಲಿ ಪೋರ್ಚುಗೀಸ್ ಕಲಿಯುತ್ತಾರೆ; ಕೆಲವು ಮನೆಗಳಲ್ಲಿ ಅಜ್ಜಿಯರು ಇನ್ನೂ ಜರ್ಮನ್ ಆಡುತ್ತಾರೆ.

ನಮ್ಮ ನಾಡಿಗೂ ಜರ್ಮನರು ಬಂದಿದ್ದರು. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1841ರ ಸುಮಾರಿಗೆ ಬೆಟಗೇರಿಯಲ್ಲಿ ನೆಲೆ ಮಾಡಿ, ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಬೇಸಾಯದ ಒಂದು ಚಿಕ್ಕ ವಸತಿಯನ್ನೂ ಮಾಡಿದರು. ಆ ಮಿಷನ್ನಿನವರೇ ಆದ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಪರದೇಶದಿಂದ ಬಂದವರೊಬ್ಬರು ನಮ್ಮ ನುಡಿಯನ್ನು ಅಷ್ಟು ಅಕ್ಕರೆಯಿಂದ ಕಲಿತದ್ದು ನೆನಪಿಡುವ ಮಾತು.

ತೂಬಿನ ಮೇಲಿನವರು, ಕೆಳಗಿನವರು

ಈಗ ಸಿಂಧನೂರಿನ ಜನ ಯಾರೇ ಇರಲಿ, ಎಲ್ಲರ ಕಣ್ಣು ಒಂದೇ ಕಡೆ: ಡ್ಯಾಂ ತುಂಬಿತೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಭೋರೆಂದು ನದಿಗೆ ಹೊರಟಿತು. ಕನ್ನಡ, ತೆಲುಗು, ಬಂಗಾಳಿ ಎನ್ನದೆ ಎಲ್ಲ ಮನೆಗಳಲ್ಲೂ ಒಂದೇ ಆತಂಕ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಾತ್ಕಾಲಿಕ ಗೇಟನ್ನು ತುಂಡು ತುಂಡಾಗಿ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು.

ಗೇಟು ಸರಿಯಿದ್ದರೂ ಚಿಂತೆ ತಪ್ಪಿದ್ದಲ್ಲ. ಕಟ್ಟಿದಾಗ ಈ ಜಲಾಶಯದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್. ಎಷ್ಟು ಕಡಿಮೆಯಾಯಿತೆಂದು ನೀವೇ ಗುಣಿಸಿ ನೋಡಿ.

ಈ ಕಾಲುವೆಯನ್ನು ಯೋಜಿಸಿದವರು ಬಹುಪಾಲು ಹೊಲಗಳಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು ಲೆಕ್ಕ ಹಿಡಿದಿದ್ದರು. ಹಾಗಾದರೆ ನೀರು ಕೊನೆಯ ಹೊಲದವರೆಗೂ ಮುಟ್ಟುತ್ತದೆ ಎಂಬುದು ಅವರ ಎಣಿಕೆ. ಆದರೆ ಮೇಲ್ಭಾಗದಲ್ಲೆಲ್ಲ ಭತ್ತವೇ ಹಬ್ಬಿತು. ಭತ್ತ ನಿಂತ ನೀರು ಬೇಡುವ ಬೆಳೆ. ಹಾಗಾಗಿ ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ವರ್ಷ ವರ್ಷವೂ ನೀರಿಗಾಗಿ ಹೋರಾಡಬೇಕಾಗಿದೆ. ನೀರು ಹೆಚ್ಚಾದ ಕಡೆ ಬೇರೆ ಕಷ್ಟ: ಭೂಮಿ ಸವುಳಾಗಿ, ಜವುಳಾಗಿ, ಪೈರು ಹಿಡಿಯದು. ಹಿರಿಯರು ಎರೆಮಣ್ಣಿನ ಬಗ್ಗೆ ಅಂಜಿದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಲಿಂಗಸುಗೂರು ಕಡೆಗೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ ಬರುತ್ತದೆ. ಆದರೆ ಎಲ್ಲ ಹೊಲಕ್ಕೂ ಅಲ್ಲ. ಮಸ್ಕಿ ಭಾಗದ ರೈತರು 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಚಿಕ್ಕವರಿಗೂ ದೊಡ್ಡವರಿಗೂ ಸಿಗಬೇಕು ಎಂದ ಮಸ್ಕಿಯ ಬಂಡೆಯ ಮಾತು ನೀರಿಗೂ ಸಲ್ಲುತ್ತದೆ.

ನಾವೂ ಎಲ್ಲೋ ಹೊಸಬರೇ

ನೀರು ಸಿಗದ ಹಳ್ಳಿಗಳ ಜನ ಏನು ಮಾಡುತ್ತಾರೆ? ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವ ಜಾಗದ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು ಕಂಡರೆ, ಒಳಗಿನವರಲ್ಲಿ ಲಿಂಗಸುಗೂರು, ಮಸ್ಕಿ, ದೇವದುರ್ಗದವರು ಇದ್ದೇ ಇರುತ್ತಾರೆ. ಸಿಂಧನೂರಿಗೆ ಬಂದವರು ಒಂದು ಕಾಲದಲ್ಲಿ ಹೇಗೆ ಹೊಸಬರಾಗಿದ್ದರೋ, ನಮ್ಮ ಸೀಮೆಯವರು ಅಲ್ಲಿ ಹಾಗೆಯೇ ಹೊಸಬರು. ಅವರ ಮಕ್ಕಳು ಹೊಸ ಶಾಲೆಯ ಕೊನೆಯ ಬೆಂಚಿನಲ್ಲಿ ಕೂತಿರುತ್ತಾರೆ. "ನಿಮ್ಮೂರು ಯಾವುದು?" ಎಂದು ಕೇಳಿ, ಅವರ ಉತ್ತರವನ್ನು ನಗದೆ ಕೇಳಿಸಿಕೊಳ್ಳುವ ಒಬ್ಬ ಗೆಳೆಯ ಸಿಕ್ಕರೆ ಅರ್ಧ ದಾರಿ ಸವೆದಂತೆ.

ಅಜ್ಜ ಅಜ್ಜಿಯರಲ್ಲಿ ಒಂದು ವಿನಂತಿ. ಕ್ಯಾಂಪಿನ ಮೊದಲ ಗುಡಿಸಲು ಹಾಕಿದವರು, ಮೊದಲ ನೀರು ಹಾಯಿಸಿದವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನಿಮ್ಮ ನೆನಪುಗಳನ್ನು ಮಕ್ಕಳಿಗೆ ಹೇಳಿ. ಒಣಹೊಲದ ಕಾಲ, ಹಗೇವು, ಮುಳುಗಿದ ಊರು, ಮಾರಿದ ಹೊಲ, ಎಲ್ಲವನ್ನೂ.

ಮಕ್ಕಳೇ, ಈ ಭಾನುವಾರ ಒಂದು ನೋಟ್‌ಬುಕ್ ಹಿಡಿದು ಹಿರಿಯರ ಪಕ್ಕ ಕೂಡಿ. ಈ ಐದು ಪ್ರಶ್ನೆ ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ:

1. ನಮ್ಮ ಮನೆತನದವರು ಈ ಊರಿಗೆ ಎಲ್ಲಿಂದ, ಯಾಕೆ ಬಂದರು?
2. ಬಂದಾಗ ಜೊತೆಗೆ ಏನೇನು ತಂದಿದ್ದರು?
3. ಮೊದಲು ನೀರು ಕೊಟ್ಟವರು, ಜಾಗ ಕೊಟ್ಟವರು ಯಾರು?
4. ನಮ್ಮ ಹೊಲದಲ್ಲಿ ಆಗ ಏನು ಬೆಳೆಯುತ್ತಿತ್ತು, ಈಗ ಏನು ಬೆಳೆಯುತ್ತದೆ?
5. ಬಿಟ್ಟುಬಂದದ್ದರಲ್ಲಿ ಇನ್ನೂ ನೆನಪಾಗುವುದು ಯಾವುದು?

ಐದನೆಯ ಪ್ರಶ್ನೆಗೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಾದರೆ ಅವಸರ ಮಾಡಬೇಡಿ. ಕಾಯಿರಿ. ನಿಮ್ಮ ಊರಿನ ಚರಿತ್ರೆಯ ಒಳ್ಳೆಯ ಪುಟ ಅಲ್ಲಿಂದಲೇ ಶುರುವಾಗಬಹುದು.